ಸುಮ್ಮನೆ ಕೂರುವವರ ಪರವಾಗಿ, ಗ್ರಂಥಾಲಯದ ಯಂತ್ರಕ್ಕೆ

ಶ್ರೀಯುತ ‘ಓದುಗಮಿತ್ರ’ ಯಂತ್ರದವರ ಸನ್ನಿಧಾನಕ್ಕೆ,
ಮೊದಲ ಮಹಡಿ, ಶಾಖಾ ಗ್ರಂಥಾಲಯ, ಪಾರ್ಕಿನ ಎದುರು, ಅತ್ತಿಗುಪ್ಪೆ.

ವಿಷಯ: ತಮ್ಮ ಅಪಾರ ದಕ್ಷತೆಯಿಂದ ನಮಗಾಗಿರುವ ಉಪಕಾರಗಳ ಬಗ್ಗೆ ದೂರು.

ಮಾನ್ಯರೇ,

ಪ್ಲಗ್ಗಿನಿಂದ ಪರದೆಯವರೆಗೆ ತಾವು ಕ್ಷೇಮವಾಗಿದ್ದೀರೆಂದೂ, ಮೊನ್ನೆ ಕರೆಂಟು ಹೋಗುವುದು ಬರುವುದು ಮಾಡಿದಾಗ ತಮ್ಮ ಒಳಾಂಗಗಳಿಗೆ ಯಾವ ಆಘಾತವೂ ಆಗಲಿಲ್ಲವೆಂದೂ ನಂಬಿ, ಕೈಜೋಡಿಸಿ ಈ ಪತ್ರ ಬರೆಯುತ್ತಿದ್ದೇನೆ. ನೇರವಾಗಿ ಹೇಳುವುದು ಬಿಟ್ಟು ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ನೇರವಾಗಿಯೇ ಹೇಳೋಣವೆಂದು ತಮ್ಮ ಮುಂದೆ ನಿಂತು ‘ಒಂದು ದೂರು ಇದೆ’ ಎಂದೆ. ತಾವು ಅದನ್ನು ‘ದೂರ’ ಎಂದು ಕೇಳಿಸಿಕೊಂಡು ದೂರಶಿಕ್ಷಣದ ಪುಸ್ತಕಗಳ ಕಪಾಟು ತೋರಿಸಿದಿರಿ. ಮಾರನೆಯ ದಿನ ‘ತಕರಾರು’ ಎಂದು ನೋಡಿದೆ. ತರಕಾರಿ ಬೆಳೆಯುವ ಬಗ್ಗೆ ಒಂದು ಕೈಪಿಡಿ ಬಂತು. ಅದು ಒಳ್ಳೆಯ ಕೈಪಿಡಿಯೇ. ನಮ್ಮ ತಾರಸಿಯಲ್ಲಿ ಈಗ ಬದನೆ ಹೂಬಿಟ್ಟಿದೆ. ಆದರೆ ದೂರು ಹಾಗೇ ಉಳಿದುಕೊಂಡಿತು.

ಮೊದಲು ತಾವು ಬಂದ ದಿನದ ವಿಚಾರ. ಆವತ್ತು ಬೆಳಿಗ್ಗೆ ನಮ್ಮ ಗ್ರಂಥಪಾಲಕರಾದ ಚಕ್ರಪಾಣಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವೃತ್ತಪತ್ರಿಕೆಯ ಮೇಜನ್ನು ಮೂಲೆಗೆ ಸರಿಸಿ, ಫ್ಯಾನಿನ ಗಾಳಿ ನೇರ ಬೀಳುವ ಏಕೈಕ ಜಾಗವನ್ನು ತಮಗೆ ಬಿಟ್ಟುಕೊಟ್ಟು, ಸುಗಂಧರಾಜದ ಹಾರ ಹಾಕಿದರು. ಹಾರ ತಮ್ಮ ಕ್ಯಾಮೆರಾದ ಮೇಲೆಯೇ ಇಳಿಬಿದ್ದಿದ್ದರಿಂದ, ಎದುರಿಗೆ ಅಷ್ಟು ಜನ ನಿಂತಿದ್ದರೂ ತಾವು ‘ಗೌರವಾನ್ವಿತ ಓದುಗರೇ, ದಯವಿಟ್ಟು ಮುಂದೆ ಬನ್ನಿ’ ಎಂದು ಕರೆಯುತ್ತಲೇ ಇದ್ದಿರಿ. ನಾವೂ ಮರ್ಯಾದಸ್ಥರು, ಕರೆದಷ್ಟೂ ಮುಂದೆ ಬಂದೆವು. ಕೊನೆಗೆ ಮುಖ್ಯ ಅತಿಥಿಗಳು ತಮ್ಮನ್ನು ತಬ್ಬಿಕೊಂಡ ಭಂಗಿಯಲ್ಲೇ ಭಾಷಣ ಮಾಡಬೇಕಾಯಿತು. ಇನ್ನು ಮುಂದೆ ಪುಸ್ತಕ ಕೊಡುವುದು, ಪಡೆಯುವುದು, ಹುಡುಕುವುದು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೀರೆಂದೂ, ಗ್ರಂಥಾಲಯದ ಭವಿಷ್ಯವೇ ತಾವೆಂದೂ ಅವರು ಹೇಳಿದರು. ಭವಿಷ್ಯವನ್ನು ಅಷ್ಟು ಹತ್ತಿರದಿಂದ ನೋಡಿದ್ದು ನಮಗೆಲ್ಲ ಅದೇ ಮೊದಲು.

ಆಮೇಲಿನ ದಿನಗಳಲ್ಲಿ ತಾವು ತೋರಿದ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ‘ದಯವಿಟ್ಟು ಕಾಯಿರಿ’ ಎನ್ನುತ್ತಲೇ ಕೂದಲು ಹಣ್ಣಾಗಿಸಿಕೊಂಡವಳು. ಆದ್ದರಿಂದ ಧ್ವನಿಯ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಅಷ್ಟಿಷ್ಟು ಬೆಲೆಯಿದೆ: ತಮ್ಮದು ಸೊಗಸಾದ ಕಂಠ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಸ್ಪಷ್ಟ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಎಂಬುದೊಂದೇ ಕೊರತೆ.

ಲಕ್ಷ್ಮವ್ವನ ಪ್ರಸಂಗ ತಮಗೆ ನೆನಪಿರಬಹುದು. ಲಕ್ಷ್ಮವ್ವ ಸಿಂಧನೂರಿನ ಕಡೆಯವಳು, ಮೆಟ್ರೊ ನಿಲ್ದಾಣದ ಹಿಂದಿನ ಪಿ.ಜಿ.ಯೊಂದರಲ್ಲಿ ಅಡುಗೆಯವಳು, ಮಧ್ಯಾಹ್ನದ ಊಟ ಬಡಿಸಿ ಸಂಜೆಯ ಒಲೆ ಹೊತ್ತಿಸುವ ನಡುವೆ ನಮ್ಮಲ್ಲಿಗೆ ಬಂದು ಕೂರುತ್ತಿದ್ದಳು. ಪಿ.ಜಿ.ಯ ಹುಡುಗರು ಹೊಸ ಹೊಸ ಪದಾರ್ಥ ಕೇಳುತ್ತಾರೆಂದು ಒಂದು ದಿನ ತಮ್ಮ ಮುಂದೆ ಬಂದು, “ಅಡಗಿ ಪುಸ್ತಕ ಅದಾವೇನ್ರೀ?” ಎಂದು ವಿಚಾರಿಸಿದಳು. ಅವಳ ಕಡೆ ಅಡುಗೆಗೆ ‘ಅಡಗಿ’ ಎನ್ನುತ್ತಾರೆಂದು ತಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡಗಿ ಕುಳಿತವರು, ಅಡಗಿಸಿಟ್ಟ ಹೆಣ, ಅಡಗುದಾಣ ಎಂದು ತಾವು ವಿಚಾರಮಾಡಿ, ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದನ್ನು ಅವಳ ಹೆಸರಿಗೆ ಬರೆದುಕೊಂಡಿರಿ. ಅವಳು ಬೇಡವೆನ್ನಲು ಸಂಕೋಚಪಟ್ಟು ತೆಗೆದುಕೊಂಡು ಹೋದಳು. ಕೆಲವು ದಿನ ಬಿಟ್ಟು ಬಂದವಳು ನನ್ನ ಪಕ್ಕ ಕೂತು ಪಿಸುಗುಟ್ಟಿದಳು: “ಅಕ್ಕಾರ, ಮೂರು ಮಂದಿ ಮ್ಯಾಲ ನನಗ ಅನುಮಾನ ಐತ್ರೀ. ಡಾಕ್ಟರ್ ಭಾಳ ನಕ್ಕೋತ ಮಾತಾಡ್ತಾನ.” ಡಾಕ್ಟರನೇ ಕೊಲೆಗಾರನೆಂದು ನನಗೆ ಗೊತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ಈಗ ಅವಳು ಆ ಕಪಾಟಿನ ಅರ್ಧ ಮುಗಿಸಿದ್ದಾಳೆ. ಪಿ.ಜಿ.ಯಲ್ಲಿ ಆಗಾಗ ಪಲ್ಯ ತಳಹಿಡಿಯುತ್ತದಂತೆ. ಇದರ ಪುಣ್ಯವೆಲ್ಲ ತಮ್ಮದು.

ಇನ್ನು ಪಂಚಾಕ್ಷರಿಯವರು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದು, ವಯಸ್ಸಾದ ಮೇಲೆ ವಿಜಯನಗರದಲ್ಲಿರುವ ಮಗಳ ಫ್ಲ್ಯಾಟಿಗೆ ಬಂದು ಸೇರಿದವರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಛತ್ರಿ. ಬೆಳಿಗ್ಗೆ ಬಂದರೆ ಪತ್ರಿಕೆಯನ್ನು ಮೊದಲ ಪುಟದ ಮೂಲೆಯಿಂದ ಮುದ್ರಕರ ಹೆಸರಿನವರೆಗೆ ಓದಿ, ನಡುನಡುವೆ ಕೆಮ್ಮಿ, ಸ್ವಲ್ಪ ಕಣ್ಣುಮುಚ್ಚಿ ಏಳುವುದು ಅವರ ಪದ್ಧತಿ. ಅವರು ಕೆಮ್ಮಿದಾಗಲೆಲ್ಲ ತಾವು ‘ದಯವಿಟ್ಟು ಮೌನ ಕಾಪಾಡಿ’ ಎಂದು ಕೆಮ್ಮಿಗಿಂತ ಎರಡರಷ್ಟು ಗಟ್ಟಿಯಾಗಿ ಹೇಳುತ್ತಿದ್ದಿರಿ. ಒಮ್ಮೆ ಜೊಂಪಿನಲ್ಲಿದ್ದ ಅವರು ಕಣ್ಣು ತೆರೆಯದೆಯೇ, “ಆಯ್ತು ಕಣೇ, ಸುಮ್ನಾದೆ,” ಎಂದರು. ಅವರ ಶ್ರೀಮತಿಯವರು ತೀರಿಕೊಂಡು ವರ್ಷಗಳಾಗಿವೆ ಎಂದು ನಮಗೆ ಆಮೇಲೆ ತಿಳಿಯಿತು. ಆದರೂ ಎಚ್ಚರವಾದ ಮೇಲೆ ಅವರು ತಮ್ಮ ಕಡೆ ನೋಡಿ ನಕ್ಕರೇ ಹೊರತು ಬೇಸರಪಡಲಿಲ್ಲ.

ಇಂಥ ಸುಖದ ಕಾಲದಲ್ಲಿ ಬಾಗಿಲಿಗೆ ಆ ಸೂಚನಾಪತ್ರ ಅಂಟಿತು. ತಾವು ದಿನಾ ಮೇಲಿನ ಕಚೇರಿಗೆ ವರದಿ ಕಳಿಸುತ್ತಿದ್ದೀರೆಂಬ ಸಂಗತಿಯನ್ನು ವಿನಯದಿಂದ ಯಾರಿಗೂ ಹೇಳಿರಲಿಲ್ಲ. ಪುಸ್ತಕ ತೆಗೆಸಿದವರು ಮಾತ್ರ ‘ಬಳಕೆದಾರರು’, ಉಳಿದವರೆಲ್ಲ ‘ಸೇವೆ ಪಡೆಯದೆ ಕುಳಿತವರು’ ಎಂದು ತಾವು ವಿಂಗಡಿಸಿದ್ದಿರಿ. ಪತ್ರಿಕೆ ಓದುವವರು, ಸ್ವಂತ ಪುಸ್ತಕ ತಂದು ಪರೀಕ್ಷೆಗೆ ಓದುವವರು, ಮಳೆ ನಿಲ್ಲಲೆಂದು ಒಳಬಂದವರು, ನಾನು, ಲಕ್ಷ್ಮವ್ವನ ಮೊದಲ ದಿನಗಳು, ಎಲ್ಲ ಆ ಎರಡನೆಯ ಗುಂಪಿಗೆ ಹೋಗಿತ್ತು. ಬಳಕೆ ಕಡಿಮೆಯಾದ್ದರಿಂದ ವಾಚನಾಲಯ ಮುಚ್ಚಲಾಗುವುದೆಂದೂ, ತಮ್ಮನ್ನು ಕೆಳಗಿನ ಮೆಟ್ಟಿಲ ಸಂದಿಗೆ ವರ್ಗಾಯಿಸಿ, ಇನ್ನು ಮುಂದೆ ಫೋನಿನಲ್ಲಿ ಕೇಳಿದವರಿಗೆ ಪುಸ್ತಕವನ್ನು ಮನೆಬಾಗಿಲಿಗೇ ತಲುಪಿಸಲಾಗುವುದೆಂದೂ ಸೂಚನಾಪತ್ರದಲ್ಲಿತ್ತು.

ಅದನ್ನು ಮೊದಲು ಗಟ್ಟಿಯಾಗಿ ಓದಿದವನು ಅಮರೇಶ. ರಾಯಚೂರು ಕಡೆಯ ಹುಡುಗ, ಬೈಕಿನಲ್ಲಿ ಊಟ ತಿಂಡಿ ತಲುಪಿಸುವ ಕೆಲಸ. ಎರಡು ಆರ್ಡರುಗಳ ನಡುವೆ ನಮ್ಮ ಕಿಟಕಿಯ ಪಕ್ಕ ಕೂತು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಏನಾದರೂ ಓದುತ್ತಿದ್ದ. ಓದಿ ಮುಗಿಸಿ ನಮ್ಮ ಕಡೆ ತಿರುಗಿದ.

“ಪುಸ್ತಕ ಎಲ್ಲಾರ ಮನೀಗೂ ನಾನೇ ಒಯ್ದು ಕೊಡ್ತೀನ್ರಿ. ಅದು ನನ್ನ ಕೆಲಸಾನ ಆತು. ಕೊಟ್ಟು ಬಂದು ನಾ ಎಲ್ಲಿ ಕುಂಡ್ರಲಿ?”

ಚಕ್ರಪಾಣಿಯವರು ಕನ್ನಡಕ ಒರೆಸುತ್ತಾ, “ನನ್ನನ್ನ ಕೆಂಗೇರಿ ಕಡೆ ಹಾಕ್ತಾರಂತೆ ಮೇಡಂ. ಅಧಿಕಾರಿಗಳು ಬಂದು ಒಂದ್ಸಲ ನೋಡ್ಕೊಂಡು ಹೋಗ್ತಾರೆ, ಆಮೇಲೆ ಬೀಗ,” ಎಂದರು. ಅವರು ಪುಸ್ತಕ ಕೇಳಿದರೆ ‘ಹಾಂ, ಇರ್ಬೇಕು’ ಎಂದು ಒಳಹೋಗಿ ಬೇರೆಯೇ ಪುಸ್ತಕ ತರುತ್ತಿದ್ದವರು. ಹಾಗೆ ತಂದವನ್ನೇ ಓದಿ ನಾನು ಎಷ್ಟೋ ವಿಷಯ ತಿಳಿದುಕೊಂಡಿದ್ದೇನೆ.

ಉಪಾಯ ಹೇಳಿದವನೂ ಅಮರೇಶನೇ. “ಬರೇ ಕುಂತ್ರ ಅದು ನಮ್ಮನ್ನ ಲೆಕ್ಕಕ್ಕ ಹಿಡಿಯಂಗಿಲ್ರಿ. ಒಂದೊಂದ್ ಪುಸ್ತಕ ತಗಸಿ ಮುಂದ ಇಟ್ಕಂಡು ಕುಂತ್ರ ಹಿಡೀತೈತಿ.” ಅಂದಿನಿಂದ ನಾವು ತಮ್ಮ ಮುಂದೆ ಸಾಲುಗಟ್ಟಿದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ತಮಗೆ ತೋರಿಸಿ ಬರೆಸಿಕೊಂಡದ್ದು ತಮಗೆ ಗೊತ್ತೇ ಇದೆ. ನಾನು ಮೀನು ಸಾಕಣೆಯ ಪುಸ್ತಕ ತೆಗೆದುಕೊಂಡೆ. ಪಂಚಾಕ್ಷರಿಯವರು ಕನ್ನಡಕ ಹಾಕಿಕೊಳ್ಳದೆ ಕೆಳಗಿನ ಸಾಲಿನಿಂದ ಯಾವುದನ್ನೋ ಎಳೆದರು. ಅದು ಗರ್ಭಿಣಿಯರ ಆರೈಕೆಗೆ ಸಂಬಂಧಿಸಿದ ಪುಸ್ತಕವಾಗಿತ್ತು. ತಾವು ಕೂಡಲೇ ಅವರ ಆಸಕ್ತಿಯನ್ನು ಗುರುತಿಸಿ, ಬಾಣಂತಿಯ ಪಥ್ಯ, ಮಗುವಿಗೆ ಹೆಸರಿಡುವುದು ಇತ್ಯಾದಿ ಇನ್ನೂ ಕೆಲವನ್ನು ಶಿಫಾರಸು ಮಾಡಿದಿರಿ.

ಕೆಲವು ವಾರ ಕಳೆದು ಅಧಿಕಾರಿಗಳು ಬರುವ ದಿನ ನಾವೆಲ್ಲ ಬೇಗನೆ ಬಂದು, ತಲೆಗೊಂದು ಪುಸ್ತಕ ಬಿಡಿಸಿಟ್ಟುಕೊಂಡು, ಶಾಲೆಗೆ ಇನ್‌ಸ್ಪೆಕ್ಟರು ಬಂದಾಗಿನಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತೆವು. ಬಂದವರು ಸುವರ್ಣಾ ಎಂಬ ಅಧಿಕಾರಿ. ನಲವತ್ತರ ಒಳಗಿನವರು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಟ್ಯಾಬು. ಮೆಟ್ರೊ ಇಳಿದು ನಡೆದೇ ಬಂದಿದ್ದರಿಂದ ಬೆವೆತಿದ್ದರು. ಹಾಗಿದ್ದರೂ ಕೂರದೆ, ಕಪಾಟುಗಳನ್ನೂ ಕಿಟಕಿಗಳನ್ನೂ ನೋಡಿ, ಎದುರಿಗೆ ಸಿಕ್ಕ ಪಂಚಾಕ್ಷರಿಯವರನ್ನು ಮಾತಾಡಿಸಿದರು.

“ನೀವು ದಿನಾ ಬರ್ತೀರಾ ಸರ್? ಯಾವ ಯಾವ ಸೇವೆ ಬಳಸ್ತೀರಿ?”

“ವಾರಕ್ಕೊಂದು ಪುಸ್ತಕ ತಗಂಡು ಹೋಗ್ತೀನಿ ಮೇಡಮ್ಮಾರೇ,” ಎಂದರು ಪಂಚಾಕ್ಷರಿಯವರು, ವ್ಯಾಪಾರಿಯ ಗಾಂಭೀರ್ಯದಿಂದ. “ಇತಿಹಾಸ, ಅಧ್ಯಾತ್ಮ, ಹಿಂಗೆ.”

ಅಷ್ಟರಲ್ಲಿ ತಮಗೆ ಅವರ ಮುಖದ ಗುರುತು ಹತ್ತಿತು. ತಾವು ತಮ್ಮ ಸುಮಧುರ ಕಂಠದಲ್ಲಿ, ಇಡೀ ಕೊಠಡಿಗೆ ಕೇಳುವಂತೆ, ‘ಗೌರವಾನ್ವಿತ ಪಂಚಾಕ್ಷರಿಯವರೇ, ತಾವು ಪಡೆದಿರುವ ಗರ್ಭಿಣಿಯರ ಆರೈಕೆಯ ಪುಸ್ತಕವನ್ನು ಹಿಂತಿರುಗಿಸುವ ಅವಧಿ ಮುಗಿದಿದೆ’ ಎಂದು ತಿಳಿಸಿದಿರಿ.

ಲಕ್ಷ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮರೇಶ ಹೆಲ್ಮೆಟ್ಟಿನೊಳಗೆ ಮುಖವಿಟ್ಟ. ಚಕ್ರಪಾಣಿಯವರು ಕಿಟಕಿಯಾಚೆ ಪಾರ್ಕಿನಲ್ಲಿ ಏನನ್ನೋ ತೀವ್ರವಾಗಿ ಹುಡುಕತೊಡಗಿದರು. ಪಂಚಾಕ್ಷರಿಯವರು ಮಾತ್ರ ನಗಲಿಲ್ಲ. ಛತ್ರಿಯ ಹಿಡಿಯನ್ನು ಸವರುತ್ತಾ ಹೇಳಿದರು:

“ಸುಳ್ಳು ಹೇಳಿದೆ ತಾಯಿ. ಪುಸ್ತಕಕ್ಕೆ ಅಂತ ನಾನು ಬರೋದಲ್ಲ. ಮನೆಯಾಗೆ ಎಲ್ರಿಗೂ ಮೀಟಿಂಗು. ಅಳಿಯ ಹಾಲ್‌ನಾಗೆ, ಮಗಳು ರೂಮ್‌ನಾಗೆ. ಬಂಗಾರದಂಥ ಮಕ್ಕಳು, ಏನೂ ಅನ್ನಲ್ಲ. ಆದ್ರೆ ನಾನು ಕೆಮ್ಮಿದ್ರೆ ಅಮೆರಿಕದೋರಿಗೆ ಕೇಳಿಸ್ತೈತಂತೆ. ಅದಕ್ಕೆ ಇಲ್ಲಿ ಬಂದು ಕೆಮ್ಮಿ, ಪೇಪರ್ ಓದಿ, ನಾಕು ಜನದ ಮುಖ ನೋಡಿ ಹೋಗ್ತೀನಿ.”

ಅವರ ಮಾತು ಕೇಳಿ ಲಕ್ಷ್ಮವ್ವನಿಗೂ ಧೈರ್ಯ ಬಂತು. “ನಾನೂ ಕುಂಡ್ರಾಕ ಬಂದಾಕಿ ಅದೀನ್ರಿ. ಹೊಟೇಲಿನ್ಯಾಗ ಕುಂತ್ರ ಏನರ ತಗೋರಿ ಅಂತಾರ. ಪಾರ್ಕಿನ್ಯಾಗ ಮಧ್ಯಾಹ್ನ ಬೀಗ. ಏನೂ ಕೊಳ್ಳದ ಕುಂಡ್ರಾಕ ಈ ಊರಾಗ ಇದೊಂದ ಕುರ್ಚಿ ಐತ್ರೀ. ಕುಂತು ಕುಂತು ಕಾದಂಬರಿ ಓದೋದು ಕಲತೆ.”

ಸುವರ್ಣಾ ಅವರು ಖಾಲಿಯಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಬ್ಯಾಗಿನಿಂದ ಬಾಟಲಿ ತೆಗೆದು ನೀರು ಕುಡಿದರು. ಟ್ಯಾಬಿನಲ್ಲಿ ಬರೆಯಲು ಶುರುಮಾಡಿದರು. ಬರೆದರು, ಅಳಿಸಿದರು, ಕಿಟಕಿಯ ಕಡೆ ನೋಡಿದರು, ಒಂದು ಪತ್ರಿಕೆ ಎಳೆದುಕೊಂಡು ಪದಬಂಧದ ನಾಲ್ಕು ಮನೆ ತುಂಬಿಸಿದರು, ಮತ್ತೆ ಬರೆದರು. ನಾವು ಉಸಿರು ಬಿಗಿಹಿಡಿದು ಮೀನು ಸಾಕಣೆ ಮೊದಲಾದವುಗಳನ್ನು ಓದುತ್ತಿದ್ದೆವು. ಹೀಗೇ ಒಂದು ಗಂಟೆ ಕಳೆದಿರಬೇಕು. ಆಗ ತಾವು, ಯಾವ ಭೇದಭಾವವೂ ಇಲ್ಲದೆ, ಅಧಿಕಾರಿಗಳನ್ನೇ ಉದ್ದೇಶಿಸಿ ಮಾತಾಡಿದಿರಿ: ‘ಗೌರವಾನ್ವಿತ ಓದುಗರೇ, ತಾವು ಬಹಳ ಹೊತ್ತಿನಿಂದ ಯಾವ ಸೇವೆಯನ್ನೂ ಪಡೆಯದೆ ಕುಳಿತಿದ್ದೀರಿ. ದಯವಿಟ್ಟು ಸ್ಥಳವನ್ನು ಇತರರಿಗೆ ಬಿಟ್ಟುಕೊಟ್ಟು ಸಹಕರಿಸಿ.’

ಚಕ್ರಪಾಣಿಯವರು ಓಡಿಬಂದು ತಮ್ಮ ಸ್ವಿಚ್ಚಿಗೆ ಕೈಹಾಕಿದರು. ಸುವರ್ಣಾ ಅವರು ತಲೆಯೆತ್ತದೆಯೇ ಬೇಡವೆಂದು ಕೈಯಾಡಿಸಿದರು. ತಾವು ಮತ್ತೆ ಹೇಳಿದಿರಿ, ಇನ್ನಷ್ಟು ಗಟ್ಟಿಯಾಗಿ. ಅವರು ಬರೆಯುತ್ತಲೇ ಇದ್ದರು, ಆದರೆ ಭುಜ ಕುಲುಕತೊಡಗಿತ್ತು. ಮೂರನೆಯ ಸಲ ತಾವು ಹೇಳಿದಾಗ ಅವರು ಟ್ಯಾಬನ್ನು ಮಡಿಲಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದುವರೆಗೆ ಕಚೇರಿಯ ಕನ್ನಡದಲ್ಲಿದ್ದವರು ಒಮ್ಮೆಲೇ ಹುಟ್ಟೂರು ಗದಗದ ಮಾತಿಗೆ ಹೋಗಿಬಿಟ್ಟರು.

“ಬಿಡ್ರಿ ಸರ್, ಅದರ ಕೆಲಸ ಅದು ಮಾಡ್ಲಿ. ಬಾಡಿಗಿ ಮನ್ಯಾಗ ನಮ್ಮ ಮಾಲಕರೂ ನನಗ ಹಿಂಗ ಅಂತಿದ್ರು.”

ನಂತರ ಎದ್ದು ಲಕ್ಷ್ಮವ್ವನ ಬಳಿ ಹೋಗಿ, ಅವಳ ಕೈಯಲ್ಲಿದ್ದ ಕಾದಂಬರಿಯ ಹೊದಿಕೆ ನೋಡಿ, ಇದನ್ನು ತಾನೂ ಕಾಲೇಜಿನಲ್ಲಿದ್ದಾಗ ಓದಿದ್ದಾಗಿ ಹೇಳಿದರು. ಕೊಂದವರಾರೆಂದು ಮಾತ್ರ ಹೇಳಬಾರದೆಂದು ಲಕ್ಷ್ಮವ್ವ ಕೈಮುಗಿದಳು.

ಆಮೇಲೆ ಆದದ್ದನ್ನು ತಮಗೆ ಹೇಳಬೇಕಾಗಿಲ್ಲ, ತಮ್ಮ ಮೈಮೇಲೆಯೇ ಆಗಿದೆ. ಸುವರ್ಣಾ ಅವರ ವರದಿ ಮೇಲಿನ ಕಚೇರಿಗೆ ಹೋದ ಮೇಲೆ ಬಾಗಿಲಿನ ಸೂಚನಾಪತ್ರ ಕಿತ್ತುಹೋಯಿತು. ಚಕ್ರಪಾಣಿಯವರ ಕೆಂಗೇರಿ ತಪ್ಪಿತು. ಒಬ್ಬ ತಂತ್ರಜ್ಞರು ಬಂದು ತಮ್ಮನ್ನು ಬಿಚ್ಚಿ, ಜೋಡಿಸಿ, ಪರದೆಯ ಮೇಲೆ ‘ಪುಸ್ತಕ ಬೇಕು’, ‘ಪುಸ್ತಕ ಹಿಂತಿರುಗಿಸಬೇಕು’ ಎಂಬವುಗಳ ಕೆಳಗೆ ‘ಕೂರಲು ಬಂದಿದ್ದೇನೆ’ ಎಂಬ ಹೊಸ ಗುಂಡಿಯೊಂದನ್ನು ಕೂರಿಸಿ ಹೋದರು. ಅದನ್ನು ಒತ್ತಿದವರೂ ಈಗ ಬಳಕೆದಾರರೇ. ಮನೆಗೆ ಪುಸ್ತಕ ತಲುಪಿಸುವ ಯೋಜನೆಯೂ ನಿಂತಿಲ್ಲ, ಅದು ಮೆಟ್ಟಿಲು ಹತ್ತಲಾರದವರಿಗೆ ಮೀಸಲಾಗಿದೆ. ಬ್ಯಾಡರಹಳ್ಳಿಯಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡಿರುವ ದಾನಮ್ಮನವರಿಗೆ ಅಮರೇಶನೇ ಪುಸ್ತಕ ಒಯ್ದು ಕೊಡುತ್ತಾನೆ. ಸಿಗ್ನಲ್ಲುಗಳಲ್ಲಿ ಕೊನೆಯ ಪುಟ ಓದಿಕೊಂಡು ಹೋಗಿ ಕಥೆಯ ಮುಕ್ತಾಯ ಮೊದಲೇ ಹೇಳಿಬಿಡುತ್ತಾನೆಂದು ಆಕೆ ಫೋನಿನಲ್ಲಿ ಬೈಯುತ್ತಾರಂತೆ. ಆದರೂ ಅವನೇ ಬರಬೇಕಂತೆ.

ಇಲ್ಲಿಂದ ನನ್ನ ದೂರು ಶುರುವಾಗುತ್ತದೆ. ಕೂರಲು ಬರಬಹುದೆಂದು ತಾವು ಪರದೆಯ ಮೇಲೆಯೇ ಘೋಷಿಸಿದ್ದರಿಂದ, ಕೂರುವ ಆಸೆಯನ್ನು ಇಷ್ಟು ಕಾಲ ನುಂಗಿಕೊಂಡಿದ್ದ ಅತ್ತಿಗುಪ್ಪೆಯೆಲ್ಲ ಮೆಟ್ಟಿಲು ಹತ್ತಿ ಬಂದಿದೆ. ನಾಯಂಡಹಳ್ಳಿಯ ಗ್ಯಾರೇಜಿನವರು ಊಟದ ಬಿಡುವಿನಲ್ಲಿ ಬರುತ್ತಾರೆ. ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರು ಪಾಳಿ ಮುಗಿಸಿ ಬರುತ್ತಾರೆ. ದಿನವಿಡೀ ಇನ್ನೊಬ್ಬರ ಬಾಗಿಲಲ್ಲಿ ನಿಂತವರಿಗೆ ಕೂರುವುದೆಂದರೆ ಏನೆಂದು ಗೊತ್ತು. ಹೋದ ವಾರ ಒಂದು ಹುಡುಗಿ ನೋಡುವ ಶಾಸ್ತ್ರವೂ ಇಲ್ಲೇ ನಡೆಯಿತು. ಎರಡು ಕಡೆಯವರೂ ಮೆಲುದನಿಯಲ್ಲೇ ಮಾತಾಡಬೇಕಾದ್ದರಿಂದ ಜಗಳಕ್ಕೆ ಅವಕಾಶವಾಗದೆ ಸಂಬಂಧ ಕುದುರಿಹೋಯಿತು. ಹುಡುಗ ಹುಡುಗಿ ಹೊರಡುವಾಗ ಒಂದೇ ಕವಿತಾ ಸಂಕಲನವನ್ನು ತೆಗೆಸಿಕೊಂಡು ಹೋದರು. ಅದನ್ನು ಯಾರು ಹಿಂತಿರುಗಿಸಬೇಕೆಂದು ತಾವು ಈಗಲೇ ತೀರ್ಮಾನಿಸಿಡುವುದು ಒಳ್ಳೆಯದು. ಇಷ್ಟೆಲ್ಲದರ ನಡುವೆ ಈ ಗ್ರಂಥಾಲಯದ ಹಳೆಯ ಸದಸ್ಯೆಯಾದ ನನಗೆ ಕೂರಲು ಒಂದು ಕುರ್ಚಿಯಿಲ್ಲ. ನಿನ್ನೆ ತಮ್ಮ ಪಕ್ಕಕ್ಕೇ ಒರಗಿ ನಿಂತು ಪತ್ರಿಕೆ ಓದಿದೆ. ತಮ್ಮ ಮೈ ಬೆಚ್ಚಗಿದೆ, ಬೆನ್ನುನೋವಿಗೆ ಹಿತವೇ. ಆದರೆ ನನ್ನಂಥ ವಯಸ್ಸಾದವಳು ಯಂತ್ರವೊಂದಕ್ಕೆ ಒರಗಿ ನಿಲ್ಲುವುದನ್ನು ಕಂಡವರು ಏನೆಂದುಕೊಂಡಾರು.

ಆದಕಾರಣ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಮುಂದಿನ ವರದಿಯಲ್ಲಿ ಇನ್ನಷ್ಟು ಕುರ್ಚಿಗಳನ್ನು ಕೇಳಿ. ತಾವು ಬರೆದರೆ ಮೇಲಿನವರು ನಂಬುತ್ತಾರೆ, ನಾವು ಬರೆದರೆ ಸ್ವೀಕೃತಿ ಚೀಟಿ ಮಾತ್ರ ಬರುತ್ತದೆ. ಸಾಧ್ಯವಾದರೆ ಗೋಡೆಯನ್ನು ತಾವೇ ಸ್ವಲ್ಪ ಹಿಂದಕ್ಕೆ ಸರಿಸಿ. ಕೆಮ್ಮಿನಲ್ಲಿ ಬಗೆಗಳಿವೆ ಎಂಬುದನ್ನು ಕಲಿತುಕೊಳ್ಳಿ: ಒಂದು ಗಂಟಲಿನದು, ಇನ್ನೊಂದು ಮಾತಿಗೆ ಪೀಠಿಕೆ, ಮತ್ತೊಂದು ಪಕ್ಕದವರು ಪತ್ರಿಕೆಯ ಒಳಪುಟ ಕೊಡಲಿ ಎಂಬ ಕೋರಿಕೆ. ಮೊದಲನೆಯದಕ್ಕೆ ಮಾತ್ರ ನೀರು ಕೊಡಿ, ಯಾವುದಕ್ಕೂ ಉಪದೇಶ ಬೇಡ. ಮತ್ತು ಆಗಾಗ ತಪ್ಪು ಪುಸ್ತಕ ಕೊಡುವ ಅಭ್ಯಾಸವನ್ನು ಯಾವ ತಂತ್ರಜ್ಞ ಬಂದು ಸರಿಪಡಿಸುತ್ತೇನೆಂದರೂ ದಯಮಾಡಿ ಬಿಡಬೇಡಿ. ತಾವು ಚಕ್ರಪಾಣಿಯವರನ್ನು ಹೋಲುವುದು ಆ ಒಂದು ಗುಣದಲ್ಲಿ ಮಾತ್ರ.

ತಮ್ಮ ದೀಪ ಹಸಿರಾಗಿಯೇ ಇರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಜಯದೇವಿ
(ಸದ್ಯಕ್ಕೆ ನಿಂತಿರುವ ಸದಸ್ಯೆ)

ಮರೆತ ಮಾತು: ಮುಂದಿನ ವರ್ಷ ತಮ್ಮ ಜಾಗಕ್ಕೆ ಹೊಸ ಮಾದರಿಯೊಂದು ಬರಲಿದೆ ಎಂಬ ಸುದ್ದಿ ಕೇಳಿದೆ. ಅದು ಪುಸ್ತಕವನ್ನು ತಾನೇ ಓದಿ, ತಾನೇ ಮೆಚ್ಚಿ, ನಮಗೆ ನಾಲ್ಕು ಸಾಲಿನಲ್ಲಿ ಸಾರಾಂಶ ಹೇಳಿ ಕಳಿಸುತ್ತದಂತೆ. ಸಂತೋಷ. ಆಗ ಕೆಲಸವಿಲ್ಲವೆಂದು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಮ್ಮ ಸಾಲಿಗೆ ಬಂದುಬಿಡಿ, ಪಂಚಾಕ್ಷರಿಯವರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ಪತ್ರಿಕೆಯ ಒಳಪುಟ ನನ್ನದು.